ಮಧ್ಯಸ್ಥಿಕೆಯಲ್ಲಿ ನ್ಯಾಯವಾದಿಯ ಪೂರ್ವಸಿದ್ಧತೆ

ದಾವೆಯನ್ನು ನ್ಯಾಯಾಲಯವು ಮಧ್ಯಸ್ಥಿಕೆಗೆ ಒಪ್ಪಿಸಿದೊಡನೆ ನ್ಯಾಯವಾದಿಯ ಹೊಣೆ ಹಗುರವಾಯಿತೆಂಬ ಭಾವನೆ ಕಕ್ಷಿದಾರರಲ್ಲಿ ಉಂಟು. ಸಾಕ್ಷಿಗಳ ಪಾಟೀಸವಾಲು ಇಲ್ಲ, ತೀರ್ಪು ನೀಡುವವರೂ ಇಲ್ಲ; ಉಭಯ ಪಕ್ಷದವರು ಕುಳಿತು ಮಾತನಾಡಿಕೊಳ್ಳುವುದಕ್ಕೆ ಸಿದ್ಧತೆಯಾದರೂ ಏಕೆ ಎಂಬುದು ಅವರ ತರ್ಕ. ಕಡತವನ್ನು ಓದದ ಕಿರಿಯ ಸಹಾಯಕರನ್ನು ಕಳುಹಿಸಿಬಿಡುವ ನ್ಯಾಯವಾದಿಗಳೂ ಇಲ್ಲದಿಲ್ಲ. ಇದು ಅಪಾಯಕರವಾದ ಭಾವನೆ.

ವಿಚಾರಣೆಯ ನಂತರ ಬಂದ ತೀರ್ಪಿನಲ್ಲಿ ದೋಷವಿದ್ದಲ್ಲಿ ಮೇಲ್ಮನವಿಯ ಮಾರ್ಗವಿರುತ್ತದೆ. ಆದರೆ ಮಧ್ಯಸ್ಥಿಕೆಯಲ್ಲಿ ಏರ್ಪಟ್ಟ ಒಪ್ಪಂದವನ್ನು ದಾಖಲಿಸಿಕೊಂಡು ನ್ಯಾಯಾಲಯವು ರಾಜಿ ಡಿಕ್ರಿ ಹೊರಡಿಸಿದ ಮೇಲೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 96(3)ನೆಯ ಕಲಂ ಪ್ರಕಾರ ಅದರ ವಿರುದ್ಧ ಮೇಲ್ಮನವಿ ಸಲ್ಲದು. ರಾಜಿಯು ಕಾನೂನುಬದ್ಧವಲ್ಲವೆಂದು ಬೇರೊಂದು ದಾವೆ ಹೂಡಲು ಆದೇಶ 23ರ ನಿಯಮ 3ಎ ಅವಕಾಶ ಕೊಡುವುದಿಲ್ಲ. ವಂಚನೆ ಮುಂತಾದ ಕಾರಣಗಳಿದ್ದಲ್ಲಿ ರಾಜಿಯನ್ನು ದಾಖಲಿಸಿದ ನ್ಯಾಯಾಲಯದ ಮುಂದೆಯೇ ಹೋಗಬೇಕು. ಅವಸರದಲ್ಲಿ ಸಹಿ ಹಾಕಿದೆನೆಂಬುದು ಅಂತಹ ಕಾರಣವಾಗಲಾರದು.

ಈ ವ್ಯವಸ್ಥೆಗೆ ಆಧಾರವಾದ 89ನೆಯ ಕಲಂ 1999ರ ತಿದ್ದುಪಡಿಯಿಂದ ಸಂಹಿತೆಗೆ ಸೇರಿ 2002ರ ಜುಲೈ 1ರಿಂದ ಜಾರಿಗೆ ಬಂದಿತು. ಚೆನ್ನೈಯಲ್ಲಿ 2005ರಲ್ಲಿಯೂ ಬೆಂಗಳೂರಿನಲ್ಲಿ 2007ರಲ್ಲಿಯೂ ಉಚ್ಚ ನ್ಯಾಯಾಲಯಗಳ ಆಶ್ರಯದಲ್ಲಿ ಮಧ್ಯಸ್ಥಿಕೆ ಕೇಂದ್ರಗಳು ಆರಂಭವಾದವು. ಮಧ್ಯಸ್ಥಿಕೆಗೆಂದೇ ರಚಿತವಾದ ಅಧಿನಿಯಮಕ್ಕೆ 2023ರಲ್ಲಿ ರಾಷ್ಟ್ರಪತಿಯವರ ಅಂಕಿತ ದೊರೆಯಿತು.

ಧಾರವಾಡದಲ್ಲಿರುವ ತಂದೆಯ ಮನೆಯ ಪಾಲಿಗಾಗಿ, ಪುಣೆಯಲ್ಲಿ ನೆಲೆಸಿದ ಮಗಳು ಅಣ್ಣನ ಮೇಲೆಯೂ ಮೃತ ತಮ್ಮನ ಮಕ್ಕಳ ಮೇಲೆಯೂ ದಾವೆ ಹೂಡಿದ್ದಾಳೆಂದು ಭಾವಿಸೋಣ. ಮನೆ ತನಗಿರಲಿ, ಬದಲಿಗೆ ಊರ ಹೊರಗಿನ ತನ್ನ ನಿವೇಶನವನ್ನು ತಂಗಿಗೆ ಕೊಡುವೆನೆಂದು ಅಣ್ಣ ಮಧ್ಯಸ್ಥರ ಮುಂದೆ ಹೇಳುತ್ತಾನೆ. ಉದಾರವಾದ ಮಾತೇ ಸರಿ. ಆದರೆ ಆ ನಿವೇಶನವು ದಾವೆಯ ಸ್ವತ್ತಲ್ಲ. ದಾವೆಗೆ ಸೇರದ ಸ್ಥಿರಾಸ್ತಿಯನ್ನು ಒಳಗೊಂಡ ರಾಜಿ ಡಿಕ್ರಿಗೆ ನೋಂದಣಿ ಅಧಿನಿಯಮದ 17ನೆಯ ಕಲಂ ವಿನಾಯಿತಿ ನೀಡುವುದಿಲ್ಲ; ನೋಂದಣಿಯ ವೆಚ್ಚವನ್ನೂ ಮುದ್ರಾಂಕ ಶುಲ್ಕವನ್ನೂ ಯಾರು ಭರಿಸಬೇಕೆಂಬುದು ಅಲ್ಲಿಯೇ ತೀರ್ಮಾನವಾಗಬೇಕು. ನಿವೇಶನದ ಮೇಲೆ ಬ್ಯಾಂಕಿನ ಸಾಲವಿದೆಯೇ, ಚಕ್ಕುಬಂದಿ ಸರಿಯಾಗಿದೆಯೇ ಎಂಬುದನ್ನು ಋಣಭಾರ ಪ್ರಮಾಣಪತ್ರ ಮತ್ತಿತರ ದಾಖಲೆಗಳಿಂದ ತಿಳಿಯಬೇಕು. ತಮ್ಮನ ಮಕ್ಕಳು ಅಪ್ರಾಪ್ತ ವಯಸ್ಕರಾಗಿದ್ದರೆ, ಆದೇಶ 32ರ ನಿಯಮ 7ರಂತೆ ನ್ಯಾಯಾಲಯದ ಅನುಮತಿಯಿಲ್ಲದೆ ಅವರ ಪರವಾಗಿ ರಾಜಿಯಾಗಲು ಬರುವುದಿಲ್ಲ. ಅನುಮತಿ ಪಡೆಯದ ರಾಜಿಯನ್ನು ಆ ಮಕ್ಕಳು ಮುಂದೆ ರದ್ದುಪಡಿಸಿಕೊಳ್ಳಬಹುದು. ಇವಾವುದನ್ನೂ ನೋಡಿಕೊಳ್ಳದೆ ಬಂದ ನ್ಯಾಯವಾದಿ, ತಂಗಿಯ ಸಹಿಗೆ ಲೇಖನಿ ಒದಗಿಸಬಲ್ಲನೇ ಹೊರತು ಸಲಹೆಯನ್ನಲ್ಲ.

ಕಾಗದಪತ್ರಗಳಿಗಿಂತ ಕಷ್ಟವಾದುದು ಕಕ್ಷಿದಾರನ ಮನಸ್ಸನ್ನು ಅರಿಯುವುದು. ಆತನಿಗೆ ಬೇಕಾದುದು ಹಣವೋ, ಮನೆಯೋ, ಅಥವಾ ಒಡಹುಟ್ಟಿದವರು ತನ್ನನ್ನು ಕಡೆಗಣಿಸಲಿಲ್ಲವೆಂಬ ಸಮಾಧಾನವೋ? ದಾವೆ ಮುಂದುವರಿದರೆ ತಗಲುವ ಕಾಲವೆಷ್ಟು, ವೆಚ್ಚವೆಷ್ಟು, ಸೋಲುವ ಸಂಭವವೆಷ್ಟು? ಎಷ್ಟಕ್ಕಿಂತ ಕಡಿಮೆಗೆ ಒಪ್ಪಲಾಗದು? ಇವನ್ನು ಮನೆಯಲ್ಲಿಯೇ ಲೆಕ್ಕ ಹಾಕಿ, ಮಧ್ಯಸ್ಥರು ಪ್ರತ್ಯೇಕವಾಗಿ ಮಾತನಾಡಿಸುವಾಗ ಏನನ್ನು ತಿಳಿಸಬೇಕು, ಎದುರು ಪಕ್ಷಕ್ಕೆ ಏನನ್ನು ತಿಳಿಸಬಾರದೆಂದು ಕೋರಬೇಕು ಎಂಬುದನ್ನು ನಿಶ್ಚಯಿಸಿಕೊಳ್ಳುವುದು ಉಚಿತ. ನಡಾವಳಿಯು ಗೋಪ್ಯವಾಗಿರತಕ್ಕದ್ದೆಂದೂ, ಯತ್ನ ವಿಫಲವಾದಲ್ಲಿ ಅಷ್ಟನ್ನು ಮಾತ್ರ ಮಧ್ಯಸ್ಥರು ನ್ಯಾಯಾಲಯಕ್ಕೆ ವರದಿ ಮಾಡಬೇಕೆಂದೂ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಹೇಳಿದೆ. ಆದ್ದರಿಂದ ಕಕ್ಷಿದಾರನು ಅಂಜದೆ ಮಾತನಾಡಬಹುದು, ಮಾತನಾಡಬೇಕಾದವನೂ ಅವನೇ. ನ್ಯಾಯಪೀಠದ ಮುಂದೆ ಶೋಭಿಸುವ ವಾಗ್ವೈಖರಿಯು ಇಲ್ಲಿ ಎದುರಾಳಿಯನ್ನು ಕೆರಳಿಸುವುದೇ ಹೆಚ್ಚು.

ಒಪ್ಪಂದವಾದಾಗ ಕಂತುಗಳ ದಿನಾಂಕ, ತಪ್ಪಿದಲ್ಲಿ ಬಡ್ಡಿ, ಸ್ವಾಧೀನ ಬಿಟ್ಟುಕೊಡುವ ದಿನ ಇವೆಲ್ಲವೂ ಬರಹದಲ್ಲಿರಬೇಕು. ಕರಡನ್ನು ಕಕ್ಷಿದಾರನಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳುವುದು, ಪರಭಾಷಾ ಪ್ರಾಂತಗಳಲ್ಲಿರುವ ಕನ್ನಡಿಗರ ಮಟ್ಟಿಗಂತೂ, ಕೇವಲ ಉಪಚಾರವಲ್ಲ. ಹೀಗೆ ಇತ್ಯರ್ಥವಾದ ದಾವೆಯಲ್ಲಿ ವಾದಿಯು ಪಾವತಿಮಾಡಿದ ನ್ಯಾಯಾಲಯ ಶುಲ್ಕವನ್ನು ಪೂರ್ತಿಯಾಗಿ ಮರಳಿಸಲು 1870ರ ನ್ಯಾಯಾಲಯ ಶುಲ್ಕ ಅಧಿನಿಯಮದ 16ನೆಯ ಕಲಂ ಅವಕಾಶ ನೀಡುತ್ತದೆ. ರಾಜ್ಯದ ಸ್ವಂತ ಶಾಸನವಿರುವೆಡೆ ಅದರ ಉಪಬಂಧಗಳನ್ನು ನೋಡಿಕೊಳ್ಳಬೇಕಾಗುತ್ತದೆ.