ಮೋಲ್ಡ್‌ಗೆ ಮುನ್ನ ಮಾದರಿ: ಸಣ್ಣ ಉದ್ದಿಮೆಗಳಿಗೆ ಕ್ಷಿಪ್ರ ಮೂಲಮಾದರಿ ಸೇವೆ

ಹೊಸ ಉತ್ಪನ್ನವೊಂದನ್ನು ಮಾರುಕಟ್ಟೆಗೆ ತರಬಯಸುವ ಸಣ್ಣ ಉದ್ದಿಮೆದಾರರಿಗೆ ದೊಡ್ಡ ಪೆಟ್ಟು ಬೀಳುವುದು ಮೋಲ್ಡ್ ಅಥವಾ ಡೈ ಸಿದ್ಧವಾದ ಮೇಲೆ ವಿನ್ಯಾಸದ ದೋಷ ಗೋಚರಿಸಿದಾಗ. ಉಕ್ಕಿನ ಮೋಲ್ಡ್‌ನಿಂದ ಇನ್ನಷ್ಟು ಲೋಹವನ್ನು ಕೊರೆದು ತೆಗೆಯಬಹುದು. ಒಮ್ಮೆ ತೆಗೆದುದನ್ನು ಮರಳಿ ತುಂಬುವುದು ಕಷ್ಟಕರ ಹಾಗೂ ದುಬಾರಿ. ಆದುದರಿಂದ ಮೋಲ್ಡ್‌ಗೆ ಆದೇಶ ನೀಡುವ ಮುನ್ನವೇ ಭಾಗವನ್ನು ಕೈಯಲ್ಲಿ ಹಿಡಿದು ಪರೀಕ್ಷಿಸುವ ಅವಕಾಶವಿದ್ದರೆ ಹಣ, ಕಾಲ ಎರಡೂ ಉಳಿಯುತ್ತವೆ. ಕ್ಷಿಪ್ರ ಮೂಲಮಾದರಿ ಸೇವೆಯ ಪ್ರಯೋಜನ ಇರುವುದು ಇಲ್ಲಿಯೇ.

ನಮ್ಮ ಜಿಲ್ಲೆಗೆ ಇದರ ಪ್ರಸ್ತುತತೆ

ಹೊಳಲ್ಕೆರೆ, ಹೊಸದುರ್ಗ ಹಾಗೂ ಹಿರಿಯೂರು ತಾಲ್ಲೂಕುಗಳು ಅಡಿಕೆ, ತೆಂಗಿನ ಬೆಳೆಗೆ ಹೆಸರಾಗಿವೆ. ಚಿತ್ರದುರ್ಗ ತಾಲ್ಲೂಕಿನ ಭೀಮಸಮುದ್ರ ಅಡಿಕೆ ವ್ಯಾಪಾರದ ಕೇಂದ್ರ. ಸುಲಿಯುವ, ಒಣಗಿಸುವ, ವಿಂಗಡಿಸುವ ಯಂತ್ರಗಳನ್ನು ತಯಾರಿಸುವವರಿಗೆ ಇಲ್ಲಿ ಗ್ರಾಹಕರು ಸಮೀಪದಲ್ಲಿಯೇ ಇದ್ದಾರೆ. ಆದರೆ ಕೊಯ್ಲಿನ ಹಂಗಾಮು ಯಾರಿಗೂ ಕಾಯುವುದಿಲ್ಲ. ಯಂತ್ರ ಸಕಾಲಕ್ಕೆ ಸಿದ್ಧವಾಗದಿದ್ದರೆ ಮಾರಾಟ ಮುಂದಿನ ವರ್ಷಕ್ಕೆ ಹೋಗುತ್ತದೆ. ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ.

ವಿಧಾನಗಳು

ಗಣಕಯಂತ್ರದಲ್ಲಿ ರಚಿಸಿದ ಮೂರು ಆಯಾಮದ ವಿನ್ಯಾಸವನ್ನು ತೆಳು ಪದರಗಳಾಗಿ ವಿಭಜಿಸಿ, ಒಂದರ ಮೇಲೊಂದು ಪದರ ಕಟ್ಟುತ್ತಾ ಭಾಗವನ್ನು ನಿರ್ಮಿಸುವುದೇ ಈ ತಂತ್ರದ ತಿರುಳು. ದ್ರವ ರಾಳವನ್ನು ಬೆಳಕಿನಿಂದ ಗಟ್ಟಿಗೊಳಿಸುವ ಸ್ಟೀರಿಯೋಲಿಥೋಗ್ರಫಿ ವಿಧಾನಕ್ಕೆ ಅಮೆರಿಕದ ಚಾರ್ಲ್ಸ್ ಹಲ್ 1986ರಲ್ಲಿ ಪೇಟೆಂಟ್ ಪಡೆದರು. ನಯವಾದ ಮೇಲ್ಮೈ, ಸೂಕ್ಷ್ಮ ವಿವರಗಳು ಬೇಕಾದಲ್ಲಿ ಇದು ಸೂಕ್ತ. ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪದರ ಹಾಕುವ ಎಫ್.ಡಿ.ಎಂ. ವಿಧಾನ ಸಾಮಾನ್ಯವಾಗಿ ಅಗ್ಗವಾದುದು. ನೈಲಾನ್ ಪುಡಿಯನ್ನು ಲೇಸರ್‌ನಿಂದ ಬೆಸೆಯುವ ಎಸ್.ಎಲ್.ಎಸ್. ವಿಧಾನದಲ್ಲಿ ಹೆಚ್ಚು ಗಟ್ಟಿಯಾದ ಭಾಗಗಳು ದೊರೆಯುತ್ತವೆ.

ಯಾವ ಪ್ರಶ್ನೆಗೆ ಯಾವ ಮಾದರಿ?

ಮಾದರಿ ಮಾಡಿಸುವ ಮುನ್ನ, ಅದರಿಂದ ಯಾವ ಪ್ರಶ್ನೆಗೆ ಉತ್ತರ ಬೇಕೆಂಬುದನ್ನು ಉದ್ದಿಮೆದಾರರು ನಿರ್ಧರಿಸಿಕೊಳ್ಳಬೇಕು. ಉದಾಹರಣೆಗೆ ಅಡಿಕೆ ಸುಲಿಯುವ ಯಂತ್ರಕ್ಕೆ ಕಾಯಿ ಜಾರುವ ಹೊಸ ಪ್ಲಾಸ್ಟಿಕ್ ದೋಣಿಯನ್ನು ವಿನ್ಯಾಸಗೊಳಿಸಲಾಗಿದೆ ಎಂದು ಭಾವಿಸೋಣ. ಕಾಯಿಗಳು ಸಿಕ್ಕಿಕೊಳ್ಳುತ್ತವೆಯೇ, ಬೋಲ್ಟಿನ ರಂಧ್ರಗಳು ಚೌಕಟ್ಟಿಗೆ ಸರಿಹೊಂದುತ್ತವೆಯೇ ಎಂಬುದನ್ನು ಅಗ್ಗದ ಎಫ್.ಡಿ.ಎಂ. ಮಾದರಿಯೇ ತಿಳಿಸುತ್ತದೆ. ಬೇರೆ ಬೇರೆ ತೋಟಗಳ ದಪ್ಪ, ಸಣ್ಣ ಕಾಯಿಗಳನ್ನು ಹಾಕಿ ನೋಡಬೇಕು.

ಆದರೆ ಅದೇ ಮಾದರಿ ಒಂದು ಹಂಗಾಮು ಬಾಳುತ್ತದೆಯೇ ಎಂಬುದಕ್ಕೆ ಸಾಕ್ಷಿಯಾಗದು. ಪದರಗಳ ನಡುವಿನ ಬೆಸುಗೆ ದುರ್ಬಲವಾಗಿರುವುದರಿಂದ, ಮೋಲ್ಡ್‌ನಲ್ಲಿ ಎರಕವಾದ ಭಾಗದಷ್ಟು ಬಲ ಅದಕ್ಕಿರುವುದಿಲ್ಲ. ಪಿ.ಎಲ್.ಎ. ಪ್ಲಾಸ್ಟಿಕ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಮೆತ್ತಗಾಗುತ್ತದೆ. ಬೇಸಿಗೆಯಲ್ಲಿ ಮುಚ್ಚಿದ ವಾಹನದೊಳಗೆ ಬಿಟ್ಟರೂ ಸೊಟ್ಟಗಾಗಬಹುದು. ಬ್ಲೇಡು ಹಿಡಿಯುವ ಭಾಗ, ಗೇರು ಮೊದಲಾದವುಗಳ ಬಲಪರೀಕ್ಷೆಯನ್ನು ನಿಜವಾದ ಲೋಹದಲ್ಲಿಯೇ ಮಾಡತಕ್ಕದ್ದು.

ಎರಕದ ಕಬ್ಬಿಣದ ಭಾಗಗಳಿಗೆ ಇನ್ನೊಂದು ಮಾರ್ಗವಿದೆ. ಮರದ ಪ್ಯಾಟರ್ನ್ ಬದಲು ಮುದ್ರಿತ ಪ್ಯಾಟರ್ನನ್ನೇ ಫೌಂಡ್ರಿಗೆ ನೀಡಿ ಮರಳಿನ ಅಚ್ಚಿನಲ್ಲಿ ನಾಲ್ಕಾರು ಭಾಗಗಳನ್ನು ಎರಕ ಹೊಯ್ಯಿಸಬಹುದು. ಕಬ್ಬಿಣ ತಣಿಯುವಾಗ ಸುಮಾರು ಶೇ. 1ರಷ್ಟು ಕುಗ್ಗುವುದರಿಂದ ಪ್ಯಾಟರ್ನನ್ನು ಅಷ್ಟು ದೊಡ್ಡದಾಗಿಯೇ ಮಾಡಿಸಬೇಕು.

ಆದೇಶ ನೀಡುವಾಗ ಎಚ್ಚರಿಕೆ

ಎಸ್.ಟಿ.ಎಲ್. ಕಡತದಲ್ಲಿ ಅಳತೆಯ ಮಾನ ದಾಖಲಾಗಿರುವುದಿಲ್ಲ. ಮಿಲಿಮೀಟರೋ ಅಂಗುಲವೋ ಎಂಬುದನ್ನು ಬರೆದು ತಿಳಿಸದಿದ್ದರೆ ಭಾಗ 25.4 ಪಟ್ಟು ಹಿಗ್ಗಿ ಅಥವಾ ಕುಗ್ಗಿ ಬರಬಹುದು. ನಿಖರವಾಗಿರಲೇಬೇಕಾದ ಎರಡು ಮೂರು ಅಳತೆಗಳನ್ನು ನಕ್ಷೆಯಲ್ಲಿ ಗುರುತಿಸಿ ಕೊಡಬೇಕು. ದರವು ಬಹುತೇಕ ವಸ್ತುವಿನ ಪ್ರಮಾಣ ಹಾಗೂ ಯಂತ್ರದ ಸಮಯವನ್ನು ಅವಲಂಬಿಸಿರುವುದರಿಂದ, ಇಡೀ ಯಂತ್ರದ ಬದಲು ಸಂಶಯವಿರುವ ಭಾಗವನ್ನಷ್ಟೇ ಮಾಡಿಸುವುದು ಮಿತವ್ಯಯ.

ವಿನ್ಯಾಸದ ರಕ್ಷಣೆಯೂ ಮುಖ್ಯ. ವಿನ್ಯಾಸಗಳ ಅಧಿನಿಯಮ, 2000ರ ಪ್ರಕಾರ, ಅರ್ಜಿಗೆ ಮುನ್ನವೇ ಸಾರ್ವಜನಿಕರಿಗೆ ಪ್ರಕಟವಾದ ವಿನ್ಯಾಸಕ್ಕೆ ನೋಂದಣಿ ದೊರೆಯುವುದಿಲ್ಲ. ಆದ್ದರಿಂದ ಕಡತ ಕಳುಹಿಸುವ ಮುನ್ನ ಗೋಪ್ಯತಾ ಒಪ್ಪಂದ ಮಾಡಿಕೊಳ್ಳುವುದು, ಮೇಳಗಳಲ್ಲಿ ಪ್ರದರ್ಶಿಸುವ ಮುನ್ನ ಅರ್ಜಿ ಸಲ್ಲಿಸುವುದು ಲೇಸು.

ಸೇವೆ ಎಲ್ಲಿ?

ಚಿತ್ರದುರ್ಗದಿಂದ ಸುಮಾರು 200 ಕಿಲೋಮೀಟರು ದೂರದ ಬೆಂಗಳೂರಿನಲ್ಲಿ, 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಹಾಗೂ ತುಮಕೂರು ರಸ್ತೆಯ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆಗಳಲ್ಲಿ ಈ ಕ್ಷೇತ್ರದ ಪರಿಣತಿ ಲಭ್ಯವಿದೆ. ಖಾಸಗಿ ಸೇವಾ ಘಟಕಗಳೂ ಹಲವಿವೆ. ಕಡತವನ್ನು ಮಿಂಚಂಚೆಯಲ್ಲಿ ಕಳುಹಿಸಿ ಭಾಗವನ್ನು ಕೊರಿಯರ್ ಮೂಲಕ ತರಿಸಿಕೊಳ್ಳಬಹುದಾದುದರಿಂದ ತಾಲ್ಲೂಕು ಕೇಂದ್ರದ ಉದ್ದಿಮೆಗೂ ದೂರ ಅಡ್ಡಿಯಾಗದು. ಕನಿಷ್ಠ ಇಬ್ಬರಿಂದ ದರಪಟ್ಟಿ ಪಡೆದು, ಹಂಗಾಮಿಗೆ ಸಾಕಷ್ಟು ಮುಂಚಿತವಾಗಿಯೇ ಮೊದಲ ಮಾದರಿ ಕೈಸೇರುವಂತೆ ಯೋಜಿಸಿಕೊಂಡಲ್ಲಿ, ದೋಷ ತಿದ್ದಿ ಎರಡನೆಯ ಮಾದರಿ ಮಾಡಿಸಲೂ ಕಾಲಾವಕಾಶ ಉಳಿಯುತ್ತದೆ.