ಅಂಗಳದಿಂದ ಚಾವಡಿಗೆ ಬಂದ ನಾಯಿ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಶಾಸನವೊಂದು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಸೋಲಿಸಿದ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನು ಗಂಗ ಬೂತುಗನ ಕಡೆಯ ವೀರನಾದ ಮಣಲೇರನನ್ನು ಮೆಚ್ಚಿ, ಬೇಕಾದುದನ್ನು ಕೇಳು ಎಂದ. ಮಣಲೇರ ದೊರೆಯಲ್ಲಿ ಕೇಳಿದ್ದು ಹೊನ್ನನ್ನಲ್ಲ, ‘ಕಾಳಿ’ ಎಂಬ ನಾಯಿಯನ್ನು. ಮುಂದೆ ಆ ನಾಯಿ ಕಾಡುಹಂದಿಯೊಡನೆ ಹೋರಾಡಿ ಸತ್ತಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಲಾಯಿತು. ಕೇಳಿದವನಿಗೆ ತಾನು ಎಂಥ ನಾಯಿಯನ್ನು ಕೇಳುತ್ತಿದ್ದೇನೆ, ಯಾವ ಕೆಲಸಕ್ಕೆ ಕೇಳುತ್ತಿದ್ದೇನೆ ಎಂಬುದು ಚೆನ್ನಾಗಿ ಗೊತ್ತಿತ್ತು. ಹಣ ಕೊಟ್ಟು ‘ಜಾತಿನಾಯಿ’ ತರುವ ನಮ್ಮಲ್ಲಿ ಎಷ್ಟು ಮಂದಿಗೆ ಅದು ಗೊತ್ತಿರುತ್ತದೆ?

ಉಡುಪಿ, ಕಾಪು, ಕಾರ್ಕಳದ ಹಳೆಯ ಮನೆಗಳಲ್ಲಿ ನಾಯಿಯ ಸ್ಥಾನ ಅಂಗಳ. ಹೆಚ್ಚೆಂದರೆ ಹಟ್ಟಿಯ ಬದಿ. ನೆರೆಮನೆಯ ನಾಯಿ ಮರಿ ಹಾಕಿದಾಗ ಒಂದನ್ನು ಎತ್ತಿ ತಂದರಾಯಿತು. ಗಂಜಿ, ಮೀನಿನ ತಲೆ ತಿಂದು ಅದು ಮನೆ ಕಾಯುತ್ತಿತ್ತು. ನಾಯಿಯನ್ನು ಹೊಸ್ತಿಲು ದಾಟಿಸಿ ಚಾವಡಿಗೆ ತಂದದ್ದು ಮುಖ್ಯವಾಗಿ ‘ಪೊಮೆರೇನಿಯನ್’ ಎಂದು ನಾವು ಕರೆಯುವ ಬಿಳಿ ಕೂದಲಿನ ಪುಟ್ಟ ನಾಯಿ.

ಪೊಮೆರೇನಿಯಾ ಎಂಬುದು ಬಾಲ್ಟಿಕ್ ಸಮುದ್ರದ ದಕ್ಷಿಣ ದಂಡೆಯ ಪ್ರದೇಶ. ಈಗ ಪೋಲೆಂಡ್ ಮತ್ತು ಜರ್ಮನಿಗಳಲ್ಲಿ ಹಂಚಿಹೋಗಿದೆ. ಬ್ರಿಟನ್ನಿನ ವಿಕ್ಟೋರಿಯಾ ರಾಣಿ 1888ರಲ್ಲಿ ಇಟಲಿಯ ಫ್ಲಾರೆನ್ಸಿನಿಂದ ಈ ತಳಿಯ ಸಣ್ಣ ನಾಯಿಗಳನ್ನು ತಂದ ಮೇಲೆ, ಚಿಕ್ಕದಾದಷ್ಟೂ ಚೆಂದ ಎಂಬ ರುಚಿ ಹಬ್ಬಿತು. ನಮ್ಮ ಮನೆಗಳಲ್ಲಿ ಆ ಹೆಸರಿನಿಂದ ಬೆಳೆದದ್ದು ಬಹುಪಾಲು ನಿಜವಾದ ಪೊಮೆರೇನಿಯನ್ ಅಲ್ಲ. ಬ್ರಿಟಿಷರ ಕಾಲದಲ್ಲಿ ಬಂದ ಜರ್ಮನ್ ಸ್ಪಿಟ್ಜ್ ನಾಯಿಯ ಸಂತತಿ, ಇಲ್ಲಿನ ಹವೆಗೂ ಅನ್ನಕ್ಕೂ ಒಗ್ಗಿಕೊಂಡ ‘ಇಂಡಿಯನ್ ಸ್ಪಿಟ್ಜ್’ ಅದು. ನಂತರದ ಸರದಿ ಪಗ್ ನಾಯಿಯದು. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಹುಡುಗನ ಹಿಂದೆ ಹಿಂದೆ ನಡೆದ ಪಗ್, ದೇಶದ ತುಂಬ ಬೇಡಿಕೆ ಹುಟ್ಟಿಸಿತು. ಈಗ ಶಿಹ್ ತ್ಜು, ಲಾಸಾ ಆಪ್ಸೊ, ಬೀಗಲ್‌ಗಳೂ ಮಣಿಪಾಲದ ಫ್ಲ್ಯಾಟುಗಳಲ್ಲಿ ಕಾಣಸಿಗುತ್ತವೆ.

ಮೊದಲು ಯೋಚಿಸಬೇಕಾದದ್ದು ನಮ್ಮ ಹವೆಯನ್ನು. ನಾಯಿಗೆ ನಮ್ಮಂತೆ ಮೈತುಂಬ ಬೆವರುವುದಿಲ್ಲ. ಅದು ನಾಲಿಗೆ ಚಾಚಿ ಏದುಸಿರು ಬಿಟ್ಟು, ಬಾಯಿ ಮೂಗಿನ ತೇವವನ್ನು ಆವಿ ಮಾಡಿ ಮೈ ತಂಪು ಮಾಡಿಕೊಳ್ಳುತ್ತದೆ. ಗಾಳಿಯಲ್ಲೇ ನೀರು ತುಂಬಿರುವ ಕರಾವಳಿಯಲ್ಲಿ ಆವಿಯಾಗುವುದು ನಿಧಾನ. ಮೂಗೇ ಚಪ್ಪಟೆಯಾದ ಪಗ್‌ನಂಥ ನಾಯಿಗಾದರೋ ಉಸಿರಾಟವೇ ಕಷ್ಟ. ಏಪ್ರಿಲ್ ಮಧ್ಯಾಹ್ನ ಕಾಪುವಿನ ಮರಳಿನ ಮೇಲೋ ಕಾರ್ಕಳದ ಕಾದ ಬಂಡೆಯ ಮೇಲೋ ನಡೆಸಿದರೆ ಅದು ಕುಸಿದು ಸಾಯಲೂಬಹುದು. ಉದ್ದ ಕೂದಲಿನ ನಾಯಿಗೆ ಕಷ್ಟ ಬರುವುದು ಮಳೆಗಾಲದಲ್ಲಿ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಒಣಗದ ಕೂದಲಿನಡಿ ಚರ್ಮರೋಗ ಹುಟ್ಟುತ್ತದೆ. ಜೊತೆಗೆ ಉಣ್ಣೆಯಿಂದ ಬರುವ ಜ್ವರ, ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ಇಲಿಜ್ವರ. ಇಲಿಜ್ವರ ನಾಯಿಯ ಮೂತ್ರದಿಂದ ಮನುಷ್ಯರಿಗೂ ಹರಡಬಲ್ಲದು. ಆದುದರಿಂದ ಅದರ ಲಸಿಕೆಯನ್ನು ಇಲ್ಲಿ ಬಿಡಬಾರದು.

ಎರಡನೆಯದು ಮರಿಯ ವಯಸ್ಸು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಮರಿಯೇ ಬೇಕೆಂಬ ಆಸೆ ಕೊಳ್ಳುವವರಿಗೆ; ಬೇಗ ಕೊಟ್ಟಷ್ಟೂ ಸಾಕುವ ಖರ್ಚು ಉಳಿಯಿತೆಂಬ ಲೆಕ್ಕ ಮಾರುವವರಿಗೆ. ಹೀಗಾಗಿ ತಿಂಗಳು ತುಂಬುವ ಮೊದಲೇ ಮರಿ ಕೈ ಬದಲಾಗುತ್ತದೆ. ತಾಯಿಯ ಗಿಣ್ಣು ಹಾಲಿನಿಂದ ಬಂದ ರೋಗನಿರೋಧಕ ಶಕ್ತಿ ಕೆಲವೇ ವಾರಗಳಲ್ಲಿ ಇಳಿಯುತ್ತದೆ. ಅದು ಉಳಿದಿರುವಾಗ ಲಸಿಕೆ ಸರಿಯಾಗಿ ಹತ್ತುವುದಿಲ್ಲ, ಇಳಿದ ಮೇಲೆ ರಕ್ಷಣೆ ಇಲ್ಲ. ಈ ನಡುವಿನ ದಿನಗಳಲ್ಲೇ ಪಾರ್ವೊ ವೈರಸ್ ಹೊಂಚು ಹಾಕುತ್ತದೆ. ವಾಂತಿ, ರಕ್ತಭೇದಿ ಶುರುವಾಗಿ ಎರಡು ಮೂರು ದಿನಗಳಲ್ಲಿ ಮರಿ ಸಾಯಬಹುದು. ಆರರಿಂದ ಎಂಟನೆಯ ವಾರದಲ್ಲಿ ಮೊದಲ್ಗೊಂಡು ಹದಿನಾರನೆಯ ವಾರದವರೆಗೆ ಒಂದಕ್ಕಿಂತ ಹೆಚ್ಚು ಸಲ ಲಸಿಕೆ ಹಾಕಿಸುವುದು ಇದಕ್ಕಾಗಿಯೇ. ಅಲ್ಲದೆ, ಎಷ್ಟು ಕಚ್ಚಿದರೆ ನೋವಾಗುತ್ತದೆ ಎಂಬುದನ್ನು ಮರಿ ಕಲಿಯುವುದು ಒಡಹುಟ್ಟಿದವುಗಳ ಜೊತೆ ಆಡುವಾಗ. ಆ ಪಾಠ ತಪ್ಪಿದ ನಾಯಿ ನಾಳೆ ಮಕ್ಕಳ ಕೈ ಕಚ್ಚಿದರೆ ತಪ್ಪು ಯಾರದು?

ಕೇಂದ್ರ ಸರಕಾರ 2017ರಲ್ಲಿ ಪ್ರಕಟಿಸಿದ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಳಿ ಬೆಳೆಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಹದಿನೆಂಟು ತಿಂಗಳು ತುಂಬದ ಹೆಣ್ಣುನಾಯಿಯಿಂದ ಮರಿ ಮಾಡಿಸಬಾರದು, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಕೂಡದು. ಮಾರುವ ಮರಿಗೆ ಮೈಕ್ರೊಚಿಪ್ ಹಾಕಿಸಿರಬೇಕು. ಇದು ಅಕ್ಕಿಕಾಳಿನಷ್ಟು ದೊಡ್ಡದು. ಚರ್ಮದಡಿ ಕೂರಿಸಿದ ಇದರಲ್ಲಿ ನಾಯಿಯ ಗುರುತಿನ ಸಂಖ್ಯೆ ಇರುತ್ತದೆ. ಕೆನಲ್ ಕ್ಲಬ್ ಆಫ್ ಇಂಡಿಯಾದ ಕಾಗದಪತ್ರ ಇದೆಯೆಂದು ಮಾರುವವರು ಹೆಮ್ಮೆಯಿಂದ ಹೇಳುವುದುಂಟು. ಆ ಕಾಗದ ಹೇಳುವುದು ವಂಶವನ್ನು, ಆರೋಗ್ಯವನ್ನಲ್ಲ.

ಹಾಗಾದರೆ ಕೊಳ್ಳುವವರು ಏನು ಮಾಡಬೇಕು? ಮರಿ ಹುಟ್ಟಿದ ಜಾಗಕ್ಕೇ ಹೋಗಿ ತಾಯಿಯನ್ನು ನೋಡಬೇಕು. ತಾಯಿಯ ಮೈ ಸೊರಗಿದೆಯೇ, ಜನರನ್ನು ಕಂಡು ಅದು ಬೆದರುತ್ತದೆಯೇ, ಮಲಗುವ ಜಾಗ ಒಣಗಿದೆಯೇ ಎಂಬುದೇ ಅರ್ಧ ಉತ್ತರ. ತಾಯಿಯನ್ನು ತೋರಿಸಲು ಒಪ್ಪದೆ, ಬಸ್ ನಿಲ್ದಾಣಕ್ಕೆ ಬನ್ನಿ, ಬುಟ್ಟಿಯಲ್ಲಿಟ್ಟು ತಂದುಕೊಡುತ್ತೇವೆ ಎನ್ನುವವರ ವ್ಯವಹಾರ ಬೇಡ. ಕಣ್ಣಲ್ಲಿ ಪಿಸುರು, ಉಬ್ಬಿದ ಹೊಟ್ಟೆ, ಕೂದಲು ಉದುರಿದ ಚರ್ಮ ಇದ್ದರೆ ಕನಿಕರದಿಂದಲೂ ಕೊಳ್ಳಬಾರದು. ನಮ್ಮ ಕನಿಕರದ ಹಣದಿಂದಲೇ ಅಲ್ಲಿ ಮುಂದಿನ ಸೂಲು ಹುಟ್ಟುತ್ತದೆ. ‘ಟೀಕಪ್’ ಎಂದು ಹೆಸರಿಟ್ಟು ಹೆಚ್ಚಿನ ಬೆಲೆಗೆ ಮಾರುವ ಅತಿ ಸಣ್ಣ ಮರಿ ಬೇರೆ ತಳಿಯೇನಲ್ಲ. ಲಸಿಕೆ ಪುಸ್ತಕದಲ್ಲಿ ವೈದ್ಯರ ಸಹಿ ಮತ್ತು ಲಸಿಕೆಯ ಚೀಟಿ ಇದೆಯೇ ನೋಡಿ, ಮರಿಯನ್ನು ಪಶುವೈದ್ಯರಿಗೆ ತೋರಿಸಿದ ಮೇಲೆ ಮನೆಗೆ ಕರೆತರುವುದು ಲೇಸು.

ಕೊನೆಯ ಪ್ರಶ್ನೆಯನ್ನು ನಮಗೇ ಕೇಳಿಕೊಳ್ಳಬೇಕು. ಸಣ್ಣ ತಳಿಯ ನಾಯಿ ಹನ್ನೆರಡು, ಹದಿನೈದು ವರ್ಷ ಬದುಕುತ್ತದೆ. ಮಣಿಪಾಲದಲ್ಲಿ ನಾಲ್ಕು ವರ್ಷದ ಓದಿಗೆ ಬಂದವರ ಕೋಣೆಯಲ್ಲಿ ಬೆಳೆದ ನಾಯಿ ಐದನೆಯ ವರ್ಷ ಎಲ್ಲಿಗೆ ಹೋಗಬೇಕು? ಹಾಸಿಗೆಯ ಮೇಲೆ ಮಲಗಿ ರೂಢಿಯಾದದ್ದನ್ನು ಹೆದ್ದಾರಿ ಬದಿಯಲ್ಲಿ ಬಿಟ್ಟರೆ ಅದಕ್ಕೆ ವಾಹನ ತಪ್ಪಿಸಿಕೊಳ್ಳುವುದೂ ಗೊತ್ತಿಲ್ಲ, ಬೀದಿನಾಯಿಗಳ ಎದುರು ನಿಲ್ಲುವುದೂ ಗೊತ್ತಿಲ್ಲ. ಕಾರ್ಕಳದ ಕಾಡಂಚಿನ ಮನೆಯವರು ಕಾವಲಿಗೆಂದು ಅದನ್ನು ಅಂಗಳದಲ್ಲಿ ಕಟ್ಟಿದರೆ ಚಿರತೆಯ ಪಾಲಾದೀತು. ಕಾವಲು ಬೇಕಿದ್ದವರಿಗೆ, ಬರಿಯ ಜೊತೆ ಬೇಕಿದ್ದವರಿಗೂ, ನಮ್ಮ ಊರನಾಯಿಯ ಮರಿ ಇದ್ದೇ ಇದೆ. ಈ ಸೆಖೆ, ಈ ಮಳೆ ಅದಕ್ಕೆ ಹುಟ್ಟಿನಿಂದ ಪರಿಚಿತ. ಲಸಿಕೆ ಹಾಕಿಸಿ, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಚಾವಡಿಯಲ್ಲೂ ಅದು ಚೆನ್ನಾಗಿಯೇ ಬಾಳುತ್ತದೆ.

ಕಾಳಿಗೆ ಕಲ್ಲು ನಿಲ್ಲಿಸಿದವರು ನಾಯಿಯ ಋಣವನ್ನು ಅದು ಸತ್ತ ಮೇಲೂ ಮರೆಯಲಿಲ್ಲ. ಬದುಕಿರುವಷ್ಟು ದಿನ ನೋಡಿಕೊಂಡರೆ ನಮ್ಮ ಮಟ್ಟಿಗೆ ಅಷ್ಟೇ ಸಾಕು.