ವಿಹಾರದ ವಾರವೂ ವಿನಿಮಯದ ಲೆಕ್ಕವೂ

ಬಾದಾಮಿ, ಹುನಗುಂದ ಸೀಮೆಯ ಬೇಸಾಯಗಾರರಿಗೆ ಮುಯ್ಯಿ ಎಂಬ ಪದ್ಧತಿಯನ್ನು ಹೊಸತಾಗಿ ಹೇಳಬೇಕಾದುದಿಲ್ಲ. ಒಬ್ಬನ ಹೊಲದಲ್ಲಿ ಇನ್ನೊಬ್ಬನು ಒಂದು ದಿನ ದುಡಿದರೆ, ಅವನ ಹೊಲದಲ್ಲಿ ಇವನು ಒಂದು ದಿನ ದುಡಿದು ಆ ಋಣವನ್ನು ತೀರಿಸುವನು. ಇದರಲ್ಲಿ ರೊಕ್ಕದ ಮಾತಿಲ್ಲ, ನಡುವೆ ದಲಾಲನಿಲ್ಲ. ಆದರೆ ಬಿತ್ತಿಗೆಯ ಹದದಲ್ಲಿ ಪಡೆದ ಆಳಿಗೆ ಪ್ರತಿಯಾಗಿ ಬೇಸಿಗೆಯ ಬಿಡುವಿನಲ್ಲಿ ಆಳನ್ನು ಕಳುಹಿಸಿ ಮುಯ್ಯಿ ತೀರಿತೆಂದರೆ ಯಾರೂ ಒಪ್ಪಲಾರರು. ದಿನಕ್ಕೆ ದಿನ ಸಮವೆಂಬುದು ಬಾಯಿಮಾತು. ಯಾವ ದಿನವೆಂಬುದರಿಂದಲೇ ಅದರ ಬೆಲೆ. ವಿಹಾರದ ವಾರಗಳನ್ನು ಅದಲುಬದಲು ಮಾಡಿಕೊಡುವೆವೆನ್ನುವ ಇಂದಿನ ಒಂದು ವ್ಯಾಪಾರದ ಗುಟ್ಟು ಬಹುಮಟ್ಟಿಗೆ ಈ ಮಾತಿನಲ್ಲಿಯೇ ಅಡಗಿರುವುದು.

ಆ ವ್ಯಾಪಾರಕ್ಕೆ ಟೈಮ್‌ಶೇರ್ ಎಂದು ಹೆಸರು. ವಿಹಾರಸ್ಥಳದ ಒಂದು ವಸತಿಗೃಹದಲ್ಲಿ ವರ್ಷಕ್ಕೆ ಒಂದು ವಾರ ಇರುವ ಹಕ್ಕನ್ನು ಹತ್ತಾರು ವರ್ಷಗಳಿಗೆ ಮುಂಗಡವಾಗಿ ಕೊಂಡುಕೊಳ್ಳುವುದೇ ಇದರ ಸ್ವರೂಪ. ೧೯೬೦ರ ದಶಕದಲ್ಲಿ ಯುರೋಪಿನಲ್ಲಿ ಹುಟ್ಟಿದ ಈ ಪದ್ಧತಿಯು ನಮ್ಮ ದೇಶದಲ್ಲಿ ಬೇರೂರಿದ್ದು ೧೯೮೦ರ ದಶಕದಿಂದೀಚೆಗೆ. ಸ್ಟರ್ಲಿಂಗ್ ಸಂಸ್ಥೆಯು ೧೯೮೬ರಲ್ಲಿಯೂ ಮಹೀಂದ್ರಾ ಹಾಲಿಡೇಸ್ ೧೯೯೬ರಲ್ಲಿಯೂ ಆರಂಭವಾದುವು. ಆದರೆ ಪ್ರತಿವರ್ಷವೂ ಅದೇ ಬೆಟ್ಟವನ್ನು ನೋಡಲು ಯಾರಿಗೆ ಮನಸ್ಸಾದೀತು? ಈ ಬೇಸರವನ್ನು ನೀಗಿಸಲೆಂದೇ ಅಮೆರಿಕದಲ್ಲಿ ೧೯೭೪ರಲ್ಲಿ ಆರ್.ಸಿ.ಐ. ಎಂಬ ವಿನಿಮಯ ಸಂಸ್ಥೆಯೂ, ೧೯೭೬ರಲ್ಲಿ ಇಂಟರ್‌ವಲ್ ಇಂಟರ್‌ನ್ಯಾಷನಲ್ ಎಂಬುದೂ ಹುಟ್ಟಿಕೊಂಡುವು. ನಿಮ್ಮ ವಾರವನ್ನು ಇವರಲ್ಲಿ ಠೇವಣಿಯಿಟ್ಟರೆ, ಬೇರೊಬ್ಬರು ಇಟ್ಟ ವಾರವೊಂದನ್ನು ನಿಮಗೆ ಕೊಡುವರು.

ನಮ್ಮ ಕಡೆಯ ಗೃಹಸ್ಥರು ಹಿಂದೆ ಮನೆ ಬಿಟ್ಟು ಹೊರಡುತ್ತಿದ್ದುದು ಹೆಚ್ಚಾಗಿ ಜಾತ್ರೆಗೆ, ಯಾತ್ರೆಗೆ. ಹಾನಗಲ್ಲ ಕುಮಾರ ಶಿವಯೋಗಿಗಳು ೧೯೦೯ರಲ್ಲಿ ಮಲಪ್ರಭೆಯ ದಂಡೆಯಲ್ಲಿ ಸ್ಥಾಪಿಸಿದ ಶಿವಯೋಗಮಂದಿರ, ಅದಕ್ಕೆ ಸಮೀಪದ ಮಹಾಕೂಟ, ಬನಶಂಕರಿ, ಪಟ್ಟದಕಲ್ಲು ಇವನ್ನೆಲ್ಲ ಇಳಕಲ್ಲಿನಿಂದಾಗಲಿ ಬಾಗಲಕೋಟೆಯಿಂದಾಗಲಿ ಬುತ್ತಿ ಕಟ್ಟಿಕೊಂಡು ಹೋಗಿ ನೋಡಿಬಂದರೆ ಮನಸ್ಸು ತಣಿಯುತ್ತಿತ್ತು. ಈಗ ಮಕ್ಕಳು ಬೆಂಗಳೂರು ಪುಣೆಗಳಲ್ಲಿ ಉದ್ಯೋಗದಲ್ಲಿರುವರು. ಮೊಮ್ಮಕ್ಕಳಿಗೆ ಕೊಡಗು ಬೇಕು, ಗೋವೆಯ ಕಡಲು ಬೇಕು. ಆಸೆ ತಪ್ಪಲ್ಲ. ಈ ಆಸೆಯನ್ನು ಬಲ್ಲವರು ದೊಡ್ಡ ಪಟ್ಟಣದ ಹೋಟೆಲೊಂದಕ್ಕೆ ಊಟಕ್ಕೆಂದು ಕರೆಯುವರು. ಗಂಡಹೆಂಡಿರಿಬ್ಬರೂ ಬರಬೇಕೆಂಬುದು ಸಾಮಾನ್ಯವಾಗಿ ಅವರ ನಿಯಮ. ಏಕೆಂದರೆ “ಮನೆಯಲ್ಲಿ ಕೇಳಿ ಹೇಳುವೆನು” ಎಂಬ ಬಹು ಉಪಯುಕ್ತವಾದ ಮಾತಿಗೆ ಅಲ್ಲಿ ಎಡೆಯಿರಬಾರದು! ಅಲ್ಲಿ ತೋರಿಸುವ ಚಿತ್ರಗಳು ಬಹುಪಾಲು ನೀವು ಕೊಳ್ಳುವ ಕೋಣೆಯವಲ್ಲ. ವಿನಿಮಯದಿಂದ ದೊರೆಯಬಹುದಾದ ಸಿಂಗಪುರದವು, ಸ್ವಿಟ್ಜರ್ಲೆಂಡಿನವು. ಕೊಳ್ಳುವವನು ರೊಕ್ಕ ಕೊಡುವುದು ಕೊಡಗಿನ ಕೋಣೆಗೆ, ಕನಸು ಕಾಣುವುದು ಆಲ್ಪ್ಸ್ ಪರ್ವತದ್ದು.

ಮೊದಲು ಖರ್ಚನ್ನು ನೋಡೋಣ. ಮುಂದಿನ ಅಂಕಿಗಳು ಯಾವ ಸಂಸ್ಥೆಯ ದರಗಳೂ ಅಲ್ಲ. ಲೆಕ್ಕದ ಅನುಕೂಲಕ್ಕೆ ಹಿಡಿದುವು. ೨೫ ವರ್ಷಗಳ ಸದಸ್ಯತ್ವಕ್ಕೆ ೫ ಲಕ್ಷ ರೂಪಾಯಿ ಕೊಟ್ಟಿರೆನ್ನಿ. ಅದೇ ಹಣವು ಬ್ಯಾಂಕಿನಲ್ಲಿ ಶೇಕಡಾ ೭ರಂತೆ ವರ್ಷಕ್ಕೆ ೩೫ ಸಾವಿರ ಬಡ್ಡಿ ತರುತ್ತಿತ್ತು, ಅದು ಹೋಯಿತು. ವಸತಿಗೃಹದ ಸಂರಕ್ಷಣೆಗೆಂದು ಕೊಡಬೇಕಾದ ವಾರ್ಷಿಕ ವರ್ಗಣಿ ೨೦ ಸಾವಿರ. ವಿನಿಮಯ ಸಂಸ್ಥೆಯ ಸದಸ್ಯತ್ವಕ್ಕೂ ಒಂದು ಸಲದ ಅದಲುಬದಲಿಗೂ ಕೂಡಿ ೧೫ ಸಾವಿರ. ಒಟ್ಟು ೭೦ ಸಾವಿರ. ಏಳು ರಾತ್ರಿಗಳಿಗೆ ಹಂಚಿದರೆ ರಾತ್ರಿಗೆ ೧೦ ಸಾವಿರ. ತೆರಿಗೆ, ಪ್ರಯಾಣ, ಊಟಗಳು ಬೇರೆ. ಬ್ಯಾಂಕಿನ ಅಸಲು ಅವಧಿ ತೀರಿದ ಮೇಲೆ ಕೈಗೆ ಬರುವುದು. ಇಲ್ಲಿಯ ಅಸಲು ೨೫ ವರ್ಷಗಳಲ್ಲಿ ಕರಗಿ ಹೋಗುವುದು. ನಡುವೆ ಮಾರಿಬಿಡೋಣವೆಂದರೆ ಕೊಟ್ಟ ಬೆಲೆಗೆ ಕೊಳ್ಳುವವರು ದೊರೆಯುವುದು ದುರ್ಲಭ.

ವರ್ಗಣಿಯ ವಿಷಯದಲ್ಲಿ ಇನ್ನೂ ಒಂದು ಮಾತು. ಅದು ಒಂದೇ ಮೊತ್ತದಲ್ಲಿ ನಿಲ್ಲುವುದಿಲ್ಲ. ಬೆಲೆಯೇರಿಕೆಯೊಡನೆ ಏರಿಸುವ ಅಧಿಕಾರವನ್ನು ಸಂಸ್ಥೆಯು ಕರಾರಿನಲ್ಲಿಯೇ ಇಟ್ಟುಕೊಂಡಿರುವುದು. ಮೇಲಿನ ೨೦ ಸಾವಿರವು ವರ್ಷಕ್ಕೆ ಶೇಕಡಾ ೬ರಂತೆ ಬೆಳೆದರೆ ಇಪ್ಪತ್ತೈದನೆಯ ವರ್ಷ ಸುಮಾರು ೮೧ ಸಾವಿರವಾಗುವುದು. ೨೫ ವರ್ಷಗಳ ವರ್ಗಣಿಯೇ ಹತ್ತಿರ ಹತ್ತಿರ ೧೧ ಲಕ್ಷ, ಎಂದರೆ ಮೂಲ ಬೆಲೆಯ ಎರಡು ಪಟ್ಟಿಗಿಂತ ಹೆಚ್ಚು. ಹೋಗದ ವರ್ಷವೂ ಇದನ್ನು ಕೊಡಲೇಬೇಕು. ಮನೆಯಲ್ಲಿ ಸೂತಕವಿರಲಿ, ಬಾಣಂತನವಿರಲಿ, ಬಾಕಿಯುಳಿದರೆ ಕೋಣೆಯೂ ಇಲ್ಲ, ವಿನಿಮಯವೂ ಇಲ್ಲ.

ಇಷ್ಟು ಕೊಟ್ಟ ಮೇಲಾದರೂ ಬೇಕಾದ ಊರು ಬೇಕಾದಾಗ ಸಿಕ್ಕೀತೇ? ಬನದ ಹುಣ್ಣಿಮೆಗೆ ಬನಶಂಕರಿಯ ಜಾತ್ರೆ ನೆರೆದಾಗ ಬಾದಾಮಿಯಲ್ಲಿ ಕೋಣೆ ದೊರೆಯುವುದು ಎಷ್ಟು ಕಷ್ಟವೆಂಬುದನ್ನು ನಮ್ಮವರು ಬಲ್ಲರು; ನಡು ಆಷಾಢದಲ್ಲಿ ಅದೇ ಕೋಣೆಗೆ ಕೇಳುವವರಿಲ್ಲ. ವಿನಿಮಯ ಸಂಸ್ಥೆಗಳೂ ಇದನ್ನೇ ಅಳೆಯುವುವು. ಹೆಚ್ಚು ಬೇಡಿಕೆಯ ವಾರಗಳಿಗೆ ಕೆಂಪು, ನಡುತರದವುಗಳಿಗೆ ಬಿಳಿ, ಬೇಡಿಕೆಯಿಲ್ಲದವುಗಳಿಗೆ ನೀಲಿ ಎಂದು ಬಣ್ಣ ಕಟ್ಟುವ ರೂಢಿ ಬಹುಕಾಲ ನಡೆದುಬಂದಿದೆ. ನಿಮ್ಮ ವಾರಕ್ಕೆ ಎಷ್ಟು ಬಲವೆಂಬುದು ಅದರ ಋತು, ಕೋಣೆಯ ಅಳತೆ, ವಸತಿಗೃಹದ ದರ್ಜೆ, ಎಷ್ಟು ತಿಂಗಳು ಮೊದಲು ಠೇವಣಿಯಿಟ್ಟಿರೆಂಬುದು ಇವುಗಳ ಮೇಲೆ ನಿಲ್ಲುವುದು. ಬೆಲೆ ಕಡಿಮೆಯೆಂದು ಮಳೆಗಾಲದ ವಾರವನ್ನು ಕೊಂಡವನು ಮೇ ತಿಂಗಳ ಊಟಿಯನ್ನು ಕೇಳಿದರೆ ಸಿಕ್ಕುವ ಸಂಭವ ಬಹು ಅಲ್ಪ. ಮಾರುವವನು ಇದನ್ನು ಹೇಳುವುದಿಲ್ಲ. “ಒಂದು ವಾರಕ್ಕೆ ಒಂದು ವಾರ” ಎಂದಷ್ಟೇ ಹೇಳುವನು. ಶಾಲೆಗೆ ಹೋಗುವ ಮಕ್ಕಳುಳ್ಳ ಸಂಸಾರಗಳಿಗೆಲ್ಲ ರಜೆ ಬರುವುದು ಒಂದೇ ಕಾಲದಲ್ಲಿ. ಎಲ್ಲರೂ ಕೇಳುವುದು ಅವೇ ವಾರಗಳನ್ನು. ಮೇಲಾಗಿ ಮೊದಲು ನಿಮ್ಮ ವಾರವನ್ನು ಒಪ್ಪಿಸಬೇಕು, ಆಮೇಲೆ ಕಾಯಬೇಕು. ಇಂಥ ಊರೇ ದೊರೆಯುವುದೆಂಬ ಭರವಸೆಯನ್ನು ಸಂಸ್ಥೆಯ ನಿಯಮಗಳು ಕೊಡುವುದಿಲ್ಲ. ಗೊತ್ತಾದ ಅವಧಿಯೊಳಗೆ ಏನನ್ನೂ ಆರಿಸಿಕೊಳ್ಳದಿದ್ದರೆ ಠೇವಣಿಯೇ ಲೋಪವಾಗುವುದು. ಅವಧಿಯನ್ನು ಬೆಳೆಸಬೇಕಾದರೆ ಮತ್ತೆ ಶುಲ್ಕ.

ಸದಸ್ಯರು ಇಟ್ಟ ಒಳ್ಳೆಯ ವಾರಗಳು ಎಲ್ಲಿ ಹೋಗುವುವು? ಈ ಪ್ರಶ್ನೆಯು ಅಮೆರಿಕದಲ್ಲಿ ನ್ಯಾಯಾಲಯದ ಮೆಟ್ಟಲನ್ನೇ ಏರಿತು. ಠೇವಣಿಗೆ ಬಂದ ಬೇಡಿಕೆಯ ವಾರಗಳನ್ನು ಸದಸ್ಯರಿಗೆ ಕೊಡದೆ ಹೊರಗಿನವರಿಗೆ ಬಾಡಿಗೆಗೆ ಬಿಡಲಾಗುತ್ತಿದೆಯೆಂದು ಆರ್.ಸಿ.ಐ. ಸಂಸ್ಥೆಯ ಮೇಲೆ ೨೦೦೬ರಲ್ಲಿ ನ್ಯೂಜರ್ಸಿಯಲ್ಲಿ ಸದಸ್ಯರು ಸಾಮೂಹಿಕ ದಾವೆ ಹೂಡಿದರು. ಅದು ರಾಜಿಯಲ್ಲಿ ಮುಗಿಯಿತು. ಊರ ಮುಯ್ಯಿಯಲ್ಲಿ ಕೊಟ್ಟವನೂ ಪಡೆದವನೂ ಒಬ್ಬರನ್ನೊಬ್ಬರು ಬಲ್ಲರು. ಇಲ್ಲಿ ನಿಮ್ಮ ವಾರ ಯಾರ ಪಾಲಾಯಿತೆಂಬುದು ನಿಮಗೆ ಎಂದೂ ತಿಳಿಯದು.

ಇನ್ನು ಗೃಹಿಣಿಯರು ವಿಚಾರಿಸಬೇಕಾದ ಸಂಗತಿ. ಚಿಕ್ಕ ಕೋಣೆಯಲ್ಲಿ ಸಾಧಾರಣವಾಗಿ ಇಬ್ಬರು ದೊಡ್ಡವರಿಗೂ ಇಬ್ಬರು ಮಕ್ಕಳಿಗೂ ಮಾತ್ರ ಅವಕಾಶ. ಅಜ್ಜ ಅಜ್ಜಿ ಜೊತೆಗೆ ಬಂದರೆ ಇನ್ನೊಂದು ಕೋಣೆಗೆ ಬಾಡಿಗೆ ತೆರಬೇಕು. ತಾವು ಹೋಗದೆ ಮಗಳು ಅಳಿಯಂದಿರನ್ನು ಕಳುಹಿಸುವೆವೆಂದರೆ ಅತಿಥಿಪತ್ರಕ್ಕೆ ಬೇರೆ ಶುಲ್ಕವುಂಟು. ವಿದೇಶದ ಕೆಲವು ವಸತಿಗೃಹಗಳಲ್ಲಿ ಊಟೋಪಚಾರದ ಹಣವನ್ನು ಪ್ರತಿಯೊಬ್ಬನೂ ಕಡ್ಡಾಯವಾಗಿ ಕೊಡಬೇಕು, ಉಣ್ಣಲಿ ಬಿಡಲಿ. ಶಾಕಾಹಾರಿಗಳು ಇದನ್ನು ಮೊದಲೇ ಕೇಳಿಕೊಳ್ಳುವುದು ಒಳಿತು. ರೊಟ್ಟಿ ಪಲ್ಯಕ್ಕಾಗಿ ಹಾತೊರೆಯುವವನಿಗೆ ಮೀನಿನ ಔತಣದ ಬಿಲ್ಲು ಬರಬಾರದಷ್ಟೆ.

ಬಳಸದ ರಾತ್ರಿಗಳನ್ನು ಬೇರೆ ಊರಿನ ರಾತ್ರಿಗಳಿಗೆ ಬದಲಾಗಿ ರೊಕ್ಕಕ್ಕೇ ಬದಲಿಸಿಕೊಡುವೆವೆಂಬ ಆಮಿಷವು ಇದಕ್ಕಿಂತಲೂ ಅಪಾಯಕರವಾದುದು. ಮುಂಬಯಿಯ ಪ್ಯಾನ್‌ಕಾರ್ಡ್ ಕ್ಲಬ್ಸ್ ಎಂಬ ಕಂಪನಿಯು ಕೋಣೆಯ ರಾತ್ರಿಗಳ ಹೆಸರಿನಲ್ಲಿ ಹಣ ಕೂಡಿಸುತ್ತಿತ್ತು; ಬಳಸದವರಿಗೆ ಅವಧಿಯ ಕೊನೆಗೆ ಹೆಚ್ಚಿನ ಮೊತ್ತ ಬರುವುದೆಂಬ ಆಶೆಯಿತ್ತು. ಇದು ವಿಹಾರವಲ್ಲ, ಅನುಮತಿಯಿಲ್ಲದ ಹೂಡಿಕೆಯ ಯೋಜನೆಯೆಂದು ೨೦೧೪ರಲ್ಲಿ ಸೆಬಿ ಸಂಸ್ಥೆಯು ಆಜ್ಞೆ ಮಾಡಿ ಹಣ ಕೂಡಿಸುವುದನ್ನು ತಡೆಯಿತು. ಅಷ್ಟರಲ್ಲಿ ಸುಮಾರು ೫೧ ಲಕ್ಷ ಜನರಿಂದ ೭ ಸಾವಿರ ಕೋಟಿ ರೂಪಾಯಿಗಳಿಗೂ ಹೆಚ್ಚು ಹಣವು ಸಂಗ್ರಹವಾಗಿತ್ತು.

ವಿನಿಮಯದಿಂದ ಯಾರಿಗೂ ಲಾಭವಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಬೇಡಿಕೆಯ ವಾರವನ್ನು ಕೊಂಡವರು, ಒಂದು ವರ್ಷ ಮೊದಲೇ ಯೋಚಿಸಬಲ್ಲವರು, ಶಾಲೆಯ ರಜೆಗೆ ಕಟ್ಟುಬೀಳದವರು, ಸಿಕ್ಕಿದ ಊರಿಗೆ ಸಂತೋಷದಿಂದ ಹೋಗುವವರು ಇದರಿಂದ ಸುಖಪಟ್ಟಿರುವುದುಂಟು. ಆದರೆ ಇಂಥವರು ವಿರಳ. ನಿವೃತ್ತಿಯಲ್ಲಿ ಬಂದ ಗ್ರ್ಯಾಚುಯಿಟಿಯನ್ನು ಇದಕ್ಕೆ ಸುರಿಯುವುದಂತೂ ನಮಗೆ ಸರಿದೋರದು. ಇಚ್ಛೆಯಾದ ವರ್ಷ, ಇಚ್ಛೆಯಾದ ಊರಿನಲ್ಲಿ, ಬೇಕಾದಷ್ಟೇ ದಿನ ಬಾಡಿಗೆಗೆ ಇರುವವನಿಗೆ ಮುಂದಿನ ವರ್ಷದ ಋಣವಿಲ್ಲ.

ಯುರೋಪಿನ ಒಕ್ಕೂಟವು ೨೦೦೯ರ ಜನವರಿಯಲ್ಲಿ ಅಂಗೀಕರಿಸಿದ ನಿಯಮದ ಪ್ರಕಾರ ಟೈಮ್‌ಶೇರ್ ಕರಾರನ್ನೂ ವಿನಿಮಯದ ಕರಾರನ್ನೂ ೧೪ ದಿನಗಳೊಳಗೆ ಕಾರಣ ಹೇಳದೆ ಬಿಡಬಹುದು. ಟೈಮ್‌ಶೇರ್ ಕರಾರಿಗೆ ಅಷ್ಟರೊಳಗೆ ಮುಂಗಡ ಕೇಳುವುದೇ ನಿಷಿದ್ಧ. ನಮ್ಮಲ್ಲಿ ಇದಕ್ಕೆಂದೇ ಪ್ರತ್ಯೇಕ ಶಾಸನವಿಲ್ಲ. ಕೆಲವು ಸಂಸ್ಥೆಗಳು ತಾವಾಗಿ ಕೆಲವು ದಿನಗಳ ಅವಕಾಶವನ್ನು ಕರಾರಿನಲ್ಲಿ ಕೊಡುವುವು. ಆ ದಿನಗಳೆಷ್ಟೆಂಬುದನ್ನು ಸಹಿಗೆ ಮೊದಲು ನೋಡಬೇಕು. ದಾಟಿದ ಮೇಲೆ ಹಣ ಮರಳುವುದು ಕಷ್ಟ. ವಂಚನೆಯಾದರೆ ೨೦೧೯ರ ಗ್ರಾಹಕ ಸಂರಕ್ಷಣಾ ಅಧಿನಿಯಮವು ನೆರವಾಗುವುದು. ವ್ಯಾಜ್ಯಗಳೆಲ್ಲ ಇಂಥ ದೂರದ ಪಟ್ಟಣದಲ್ಲಿಯೇ ನಡೆಯಬೇಕೆಂದು ಕರಾರಿನಲ್ಲಿ ಅಚ್ಚಾಗಿದ್ದರೆ ಹೆದರಬೇಕಾದುದಿಲ್ಲ. ದೂರುಗಾರನು ತಾನು ವಾಸಿಸುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲಿಯೇ ದೂರು ಕೊಡಲು ಈ ಅಧಿನಿಯಮದಲ್ಲಿ ಅವಕಾಶವುಂಟು. ಹುನಗುಂದದವನು ಬಾಗಲಕೋಟೆಗೆ ಹೋದರೆ ಸಾಕು. ಕೊಟ್ಟ ಹಣವು ೫ ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ಸಲ್ಲಬೇಕು. ೧೯೧೫ ಎಂಬ ದೂರವಾಣಿ ಸಂಖ್ಯೆಯಲ್ಲಿ ಸಲಹೆಯನ್ನೂ ಕೇಳಬಹುದು. ಕರಾರುಪತ್ರ, ರಸೀದಿಗಳು, ವಿನಿಮಯಕ್ಕಾಗಿ ಕೇಳಿದ ತಾರೀಖುಗಳು, ಇಲ್ಲವೆಂದು ಬಂದ ಉತ್ತರಗಳು, ಮಾರಿದವನು ಬರೆದುಕೊಟ್ಟ ಆಶ್ವಾಸನೆಗಳು ಇವೆಲ್ಲವನ್ನು ದೂರಿನೊಡನೆ ಲಗತ್ತಿಸಬೇಕು.